ತುಳಿಯದ ಕಲ್ಲು

ಬೆಳಗ್ಗೆ ಡೈರಿಗೆ ಹಾಲು ಹಾಕಲು ಹೊರಟವರು ಮೊದಲು ಕಂಡರು. ಹುಣಸೆಕೊಪ್ಪಲಿನ ಹೊಸ ಓದುಮನೆಯ ಮುಂಗೋಡೆ ಮಕಾಡೆ ಬಿದ್ದಿತ್ತು.

ಕ್ಯಾನು ಹಿಡಿದವರು ಕ್ಯಾನು ಹಿಡಿದೇ ನಿಂತರು. ಹಾಲು ಅಳೆಯುವವನೂ ಎದ್ದು ಬಂದ. ನೋಡ ನೋಡುತ್ತಲೇ ಊರಿಗೆ ಊರೇ ಅಲ್ಲಿ ಸೇರಿತು. ಸಾವಿನ ಮನೆ ಮುಂದೆ ನಿಲ್ಲುವ ಹಾಗೆ ದೂರದಲ್ಲೇ ನಿಂತರು. ಉಳಿದ ಗೋಡೆಯೂ ಬಿದ್ದೀತು ಎಂಬ ಭಯ ಒಂದು ಕಡೆ. ಬಿದ್ದದ್ದು ತಮ್ಮದೇ ಎಂಬ ಸಂಕಟ ಇನ್ನೊಂದು ಕಡೆ.

ತಮ್ಮದೇ ಹೌದು. ಆ ಗೋಡೆಯಲ್ಲಿ ಎಲ್ಲರ ಮನೆಯ ಕಲ್ಲೂ ಇತ್ತು.

ಕೆಲವು ವರ್ಷಗಳಿಂದ ಊರಿನಲ್ಲಿ ಹೆಂಚಿನ ಮನೆಗಳು ಒಂದೊಂದಾಗಿ ಇಳಿಯುತ್ತಿದ್ದವು. ಅದೇ ಜಾಗದಲ್ಲಿ ತಾರಸಿ ಮನೆಗಳು ಏಳುತ್ತಿದ್ದವು. ಹಳೆಯ ಕಲ್ಲು ಕೆರೆಯಂಗಳಕ್ಕೆ, ಇಲ್ಲವೇ ಹಳ್ಳ ತುಂಬಿಸಲು. ಆಗ ಬಂದವಳು ಅರುಂಧತಿ. ಇದೇ ಊರಿನ ಮಹದೇವಯ್ಯ ಮೇಷ್ಟ್ರ ಮಗಳು. ಕಟ್ಟಡ ವಿನ್ಯಾಸ ಓದಿ, ಮಂಡ್ಯದಲ್ಲಿ ಆಫೀಸು ಇಟ್ಟುಕೊಂಡವಳು. 'ಎಸೀಬೇಡಿ, ನನಗೆ ಕೊಡಿ' ಎಂದಳು. ಹೊಸ್ತಿಲು, ಒರಳು, ರಾಗಿ ಬೀಸುವ ಕಲ್ಲು, ಕೊಟ್ಟಿಗೆಯ ಚಪ್ಪಡಿ, ಬಟ್ಟೆ ಒಗೆಯುವ ಕಲ್ಲು, ಯಾವುದನ್ನೂ ಬಿಡಲಿಲ್ಲ. ಅದೇ ಕಲ್ಲಿನಲ್ಲಿ, ಸುಣ್ಣದ ಗಾರೆಯಲ್ಲಿ, ಊರಿಗೊಂದು ಓದುಮನೆ ಕಟ್ಟಲು ಹೊರಟಳು. ಹೊಸದಾಗಿ ಯಾವ ಬೆಟ್ಟವನ್ನೂ ಒಡೆಯಬೇಕಿಲ್ಲ. ಬೇಸಿಗೆಯಲ್ಲಿ ಒಳಗೆ ತಂಪು.

ಜನ ಮೊದಲು ನಕ್ಕರು. ಹಿತ್ತಲ ಗಿಡ ಎಂದಾದರೂ ಮದ್ದಾಗುತ್ತದೆಯೇ? ಆಮೇಲೆ ಗೋಡೆ ಎದೆಮಟ್ಟ ಬಂತು. ಬೀಸುವ ಕಲ್ಲಿನ ಸುತ್ತ ಗುಂಡನೆಯ ಕಿಟಕಿ ಕೂತಿತು. ಆಗ ಸಂಜೆಯ ಹೊತ್ತು ಒಬ್ಬೊಬ್ಬರಾಗಿ ಬಂದು ಮಕ್ಕಳಿಗೆ ಬೆರಳು ತೋರಿಸತೊಡಗಿದರು. ಅಕೋ, ಅದು ನಮ್ಮದು! ಬರುವ ಭಾನುವಾರ ಬಾಗಿಲು ತೆರೆಯಬೇಕಿತ್ತು. ಅಷ್ಟರಲ್ಲಿ ಹೀಗೆ.

ಸಬ್ ಇನ್ಸ್‌ಪೆಕ್ಟರ್ ಶ್ವೇತ ಜೀಪಿನಿಂದ ಇಳಿದಳು. ಮಳವಳ್ಳಿ ಕಡೆಯ ಹುಡುಗಿ. ಮಾತು ಕಡಿಮೆ, ನೋಟ ಜಾಸ್ತಿ. ಇಳಿದ ಕೂಡಲೇ ಕಾನ್‌ಸ್ಟೇಬಲ್ ಸಿದ್ದೇಶನಿಗೆ ಹೇಳಿದಳು.

"ಹಗ್ಗ ಕಟ್ಟು. ಕಲ್ಲಿನ ಮೇಲೆ ಒಬ್ಬರೂ ಕಾಲಿಡಬಾರದು."

"ಯಾರೂ ಇಟ್ಟಿಲ್ಲ ಮೇಡಂ. ಎದ್ರಿಕೊಂಡವ್ರೆ."

ಕಟ್ಟಡ ಸಮಿತಿಯ ಕಾರ್ಯದರ್ಶಿ ಶಶಿಧರ್ ಮುಂದೆ ಬಂದ. ನಲವತ್ತೈದರ ಆಸುಪಾಸು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಭಾರತೀನಗರದ ರಸ್ತೆಯಲ್ಲಿ ಸಿಮೆಂಟ್ ಬ್ಲಾಕು ಮಾಡಿಸುತ್ತಾನೆ. ಆದರೂ ಹಳೇ ಕಲ್ಲಿನ ಕಟ್ಟಡಕ್ಕೆ ಊರಿನಲ್ಲಿ ಮೊದಲು ಕೈಯೆತ್ತಿದವನು ಅವನೇ. ಆ ಮಾತನ್ನು ಜನ ಈಗಲೂ ಹೊಗಳಿ ಹೇಳುತ್ತಾರೆ.

"ಕೇಸು ಗೀಸು ಬ್ಯಾಡಿ ಮೇಡಂ," ಎಂದ. "ನೆನ್ನೆ ಸಾಯಂಕಾಲ ಮಳೆ ಉಯ್ತು. ಗಾರೆ ನೆಂದೋಯ್ತು, ಗ್ವಾಡೆ ಕೂತ್ಕತು. ಅರುಂಧತಿ ನಮ್ಮೂರ ಎಣ್ಮಗಳು. ಅವಳ ಎಸ್ರು ಕೆಡೋದು ಬ್ಯಾಡ."

"ಮುಂದೆ?"

"ನಾಳೆ ತಾಲ್ಲೂಕಿಂದ ಇಂಜಿನಿಯರ್ ಸಾಹೇಬ್ರು ಬತ್ತಾರೆ. ಉಳಿದ ಗ್ವಾಡೇನೂ ಇಳ್ಸಿ ಅಂದ್ರೆ ಇಳಿಸ್ತೀವಿ. ಏನ್ ಮಾಡಾಕಾಯ್ತದೆ?"

"ನಿಮ್ಮನೆ ಕಲ್ಲೂ ಇದೆಯಾ ಇದರಲ್ಲಿ?"

"ಐತೆ. ಅಳೇ ಮನೆ ಕೆಡವ್ದಾಗ ಒಂದು ಟ್ರ್ಯಾಕ್ಟರ್ ಲೋಡು ಕೊಟ್ಟೆ. ಯಾವ್ದು ಎಲ್ಲೋಯ್ತೋ ಯಾರಿಗ್ಗೊತ್ತು! ಕಲ್ಲು ಅಂದ್ರೆ ಕಲ್ಲು. ನಂಗೆ ಎಲ್ಲಾ ಒಂದೇ ತರ ಕಾಣ್ತವೆ."

ಶ್ವೇತ ತಲೆಯಾಡಿಸಿದಳು. ಅವಳ ಕಣ್ಣು ರಾಶಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ ಹೆಂಗಸಿನ ಮೇಲಿತ್ತು.

* * *

ಅರುಂಧತಿ ಅಳುತ್ತಿರಲಿಲ್ಲ. ಕಲ್ಲುಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಪಕ್ಕದಲ್ಲಿ ಗಾರೆ ಮೇಸ್ತ್ರಿ ಮರಿಸಿದ್ದಯ್ಯ ತಲೆ ಮೇಲೆ ಟವೆಲ್ ಹಾಕಿಕೊಂಡು ನಿಂತಿದ್ದ. ಆ ಗೋಡೆಯನ್ನು ಎಬ್ಬಿಸಿದ ಕೈ ಅವನದು. ಬೆಳಗಿನಿಂದ ಒಂದು ಲೋಟ ಕಾಫಿಯನ್ನೂ ಮುಟ್ಟಿರಲಿಲ್ಲ.

"ನನ್ನ ನಂಬಿ ಅಂತ ಹೇಳಲ್ಲ ಮೇಡಂ," ಎಂದಳು ಅರುಂಧತಿ. "ನೋಡಿ ಅಂತೀನಿ."

"ತೋರಿಸಿ."

"ಮಳೆ ನೀರು ಇಳಿದು ಗೋಡೆ ಬಿದ್ರೆ ಮೇಲಿನ ವರಸೆ, ಅಂದ್ರೆ ಮೇಲಿನ ಕಲ್ಲಿನ ಸಾಲು, ಮೊದಲು ಜಾರಬೇಕು. ಮೇಲಿನ ಕಲ್ಲು ರಾಶಿಯ ಅಡೀಲಿ ಸಿಗಬೇಕು. ಇಲ್ಲಿ ತಿರುಗುಮುರುಗು. ಅಡಿಪಾಯದ ಮೇಲಿನ ಮೊದಲ ವರಸೆ ಎಲ್ಲಕ್ಕಿಂತ ಆಚೆ ಹೋಗಿ ಬಿದ್ದಿದೆ. ಮಿಕ್ಕದ್ದು ಅದರ ಮೇಲೆ ಕವುಚಿಕೊಂಡಿದೆ."

"ಅಂದರೆ ಯಾರೋ ಬುಡವನ್ನು ನೂಕಿದ್ದಾರೆ."

"ಒಳಗಿಂದ."

ಶ್ವೇತ ಒಳಗೆ ಇಣುಕಿದಳು. ಗೋಡೆ ಬಿದ್ದರೂ ಬಾಗಿಲಿನ ಚೌಕಟ್ಟು ನಿಂತೇ ಇತ್ತು, ಬಾಗಿಲು ಅಗಲವಾಗಿ ತೆರೆದಿತ್ತು. ಬೀಗ ಒಡೆದಿರಲಿಲ್ಲ.

"ಬೀಗದಕೈ ಯಾರ ಹತ್ತಿರ?"

ಮರಿಸಿದ್ದಯ್ಯ ಕೆಮ್ಮಿದ. "ಒಗಿಯೋ ಕಲ್ಲಡಿ ಇಕ್ತಿದ್ದೊ ಕಣಮ್ಮ."

"ಯಾರಿಗೆಲ್ಲ ಗೊತ್ತು?"

"ಊರಿಗೆಲ್ಲಾ ಗೊತ್ತು."

ಶ್ವೇತಳಿಗೆ ನಗು ಬಂತು, ತಡೆದುಕೊಂಡಳು. ಬೀಗ ಹಾಕುವುದು ಶಾಸ್ತ್ರಕ್ಕೆ, ಬೀಗದಕೈ ಇಡುವುದು ಎಲ್ಲರ ಕಣ್ಣಿಗೆ ಕಾಣುವ ಹಾಗೆ. ಅವಳ ಊರಿನಲ್ಲೂ ಇದೇ ಪದ್ಧತಿ.

ಆಚೆ ಬಿದ್ದ ಬುಡದ ಕಲ್ಲೊಂದನ್ನು ಸಿದ್ದೇಶ ಹೊರಳಿಸಿದ. ಒಳಮೈಯಲ್ಲಿ ಗುಂಡನೆಯ ಗುರುತು. ಕಾಫಿ ಲೋಟದ ತಳದಷ್ಟು ಅಗಲ. ಕಲ್ಲಿನ ಪುಡಿ ಅಲ್ಲಿ ಹೊಸದಾಗಿ ಬೆಳ್ಳಗೆ ಉದುರಿತ್ತು.

"ಜಾಕು ಮೇಡಂ," ಎಂದ ಸಿದ್ದೇಶ. "ಲಾರಿ ಎತ್ತೋ ಜಾಕು. ಅಡ್ಡ ಮಲಗ್ಸಿ ಒತ್ತವ್ರೆ. ಇನ್ನೂ ಪೂರ್ತಿ ಗಟ್ಟಿಯಾಗದ ಗಾರೆ, ಬುಟ್ಕತು."

ಅರುಂಧತಿ ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟಳು. ತನ್ನ ಗೋಡೆ ತಾನಾಗಿ ಬೀಳಲಿಲ್ಲ!

"ಇನ್ನೂ ಅನೇಕ ಊರು ಇದನ್ನೇ ನೋಡ್ತಾ ಕೂತಿವೆ ಮೇಡಂ," ಎಂದಳು. "ಇದು ಗೆದ್ದರೆ ಅಲ್ಲೂ ಹೀಗೇ ಓದುಮನೆ ಕಟ್ತೀವಿ ಅಂತ ಮಾತಾಗಿದೆ. ಹಳೇ ಕಲ್ಲು ನಿಲ್ಲಲ್ಲ ಅಂತ ಇಂಜಿನಿಯರು ನಾಳೆ ಹೇಳಿಬಿಟ್ರೆ, ಮತ್ತೆ ಯಾರೂ ಕಲ್ಲು ಕೊಡಲ್ಲ. ಈ ಮೂರು ಗೋಡೇನೂ ಇಳಿಸ್ತಾರೆ. ಈ ಮೇಸ್ತ್ರಿಯ ಕೈಗೂ ಕೆಟ್ಟ ಹೆಸರು."

ಮರಿಸಿದ್ದಯ್ಯ ಟವೆಲಿನ ತುದಿಯಿಂದ ಮುಖ ಒರೆಸಿಕೊಂಡ.

"ಜಾಕಿನ ಗುರುತು ಅಂತ ನಾನು ಹೇಳಬಹುದು," ಎಂದಳು ಶ್ವೇತ. "ಸುತ್ತಿಗೆ ಏಟಿನದು ಅಂತ ಇನ್ನೊಬ್ಬ ಹೇಳಬಹುದು. ಮನುಷ್ಯ ಬೇಕು. ನಾಳೆ ಬೆಳಗ್ಗೆಯೊಳಗೆ ಬೇಕು."

* * *

ಬೇಲಿಯ ಪಕ್ಕದ ಹಸಿ ಮಣ್ಣಿನಲ್ಲಿ ಟ್ರ್ಯಾಕ್ಟರ್ ಚಕ್ರದ ಗುರುತು ಸಿಕ್ಕಿತು. ಮಳೆ ನಿಂತ ಮೇಲೆ ಬಂದದ್ದು.

"ಕೆಂಪರಾಜಂದು," ಎಂದು ಊರವರು ಒಂದೇ ಉಸಿರಿಗೆ ಹೇಳಿದರು. ಹೇಳುವಾಗ ಸ್ವಲ್ಪ ಖುಷಿಯೂ ಇತ್ತು.

ಕೆಂಪರಾಜು ಜಲ್ಲಿ ಕ್ರಷರಿನ ಯಜಮಾನ. ಕಟ್ಟಡ ಶುರುವಾದ ದಿನದಿಂದ ಟೀ ಅಂಗಡಿಯಲ್ಲಿ ಕೂತು ಒಂದೇ ರಾಗ ಹಾಡಿದವನು. 'ಅಳೇ ಕಲ್ಲು, ಒಸಾ ಬಿಲ್ಲು.' ಗೋಡೆ ನಿಂತರೆ ಅರ್ಧ ಮೀಸೆ ಬೋಳಿಸುತ್ತೇನೆ ಎಂದೂ ಪಣ ತೊಟ್ಟಿದ್ದ. ಅವನ ಮನೆ ಮುಂದೆ ಟ್ರ್ಯಾಕ್ಟರ್ ನಿಂತಿತ್ತು. ಚಕ್ರದಲ್ಲಿ ಅದೇ ಮಣ್ಣು.

"ನೆನ್ನೆ ಸಂಜೆ ಓದುಮನೆ ಹತ್ರ ಹೋಗಿದ್ರಾ?" ಶ್ವೇತ ಕೇಳಿದಳು.

"ನಾನ್ಯಾಕೋಗ್ಲಿ?"

"ಚಕ್ರದ ಗುರುತಿದೆ."

"ಊರಲ್ಲಿ ನಂದೊಂದೇ ಟ್ರ್ಯಾಕ್ಟ್ರಾ?"

"ನಿಮ್ಮ ಟೈರು ಒಂದು ಕಡೆ ಸವೆದಿದೆ. ಗುರುತೂ ಒಂದು ಕಡೆ ಸವೆದಿದೆ."

ಕೆಂಪರಾಜು ಎದೆ ಸೆಟೆಸಿದ. ಮೀಸೆ ಕುಣಿಯಿತು. "ಓದೆ. ಏನಿವಾಗ? ಅಲ್ಲೇನ್ ಸುಂಕದ ಕಟ್ಟೆ ಐತಾ?"

"ಯಾಕೆ ಹೋದಿರಿ?"

"ಅದ್ನ ಏಳಾಕಿಲ್ಲ."

"ಹಾಗಾದರೆ ಜೀಪು ಹತ್ತಿ."

ಅವನು ಅತ್ತ ನೋಡಿದ, ಇತ್ತ ನೋಡಿದ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅಕ್ಕಪಕ್ಕದವರು ಜಗಲಿ ಮೇಲೆ ಕಿವಿ ನಿಮಿರಿಸಿದ್ದರು. ಕೆಂಪರಾಜು ದನಿ ತಗ್ಗಿಸಿದ.

"ಬೇಲಿ ಆಚೆ ಉಣಸೇಮರದ ಇಂದ್ಗಡೆ ನೋಡಿ. ಆದ್ರೆ ನಾನೇಳ್ದೆ ಅನ್ಬ್ಯಾಡಿ."

ಹುಣಸೆಮರದ ಹಿಂದೆ ಗೋಣಿಚೀಲ ಮುಚ್ಚಿದ ಕಲ್ಲುಗಳಿದ್ದವು. ಚೀಲ ಎತ್ತಿದರೆ ದೊಡ್ಡದೊಂದು ರಾಗಿ ಬೀಸುವ ಕಲ್ಲು. ಜತೆಗೆ ಎರಡು ಚಪ್ಪಡಿ. ತೊಳೆದು, ಉಜ್ಜಿ, ಕುಂಕುಮ ಇಟ್ಟು ತಂದಿದ್ದ.

"ಊರೋರ್ದೆಲ್ಲಾ ಐತೆ, ನಮ್ಮದಿಲ್ಲ," ಎಂದ ಕೆಂಪರಾಜು ನೆಲ ನೋಡುತ್ತ. "ನಮ್ ತಾತಂಗೆ ಈ ಊರಲ್ಲಿ ಒಂದು ಮರ್ಯಾದೆ ಇತ್ತು ಕಣ್ ಮೇಡಂ. ನಾಳೆ ನನ್ ಮಮ್ಮಕ್ಳು, ನಮ್ ಕಲ್ಲೆಲ್ಲಿ ತಾತ ಅಂದ್ರೆ ಏನೇಳ್ಲಿ? ಬಾಯ್ಬುಟ್ಟು ಕೇಳಾಕೆ ನಾಚ್ಕೆ. ಅದ್ಕೆ ಕತ್ಲಾಗೋ ವೊತ್ಗೆ ತಂದು ಇಳಿಸ್ಬುಟ್ಟು ಬಂದೆ. ಯಾರೋ ಕೊಟ್ಟವ್ರೆ ಅಂತ ಸೇರಿಸ್ಕೊಳ್ಲಿ ಅಂತ."

"ನೀವು ಬಂದಾಗ ಗೋಡೆ ನಿಂತಿತ್ತಾ?"

"ನಿಂತಿತ್ತು! ಕಲ್ಲಂಗೆ ನಿಂತಿತ್ತು. ನಾನೇ ಕೈಯಾಕಿ ನೂಕ್ ನೋಡ್ದೆ. ಒಸಿ ಅಲ್ಲಾಡ್ಲಿಲ್ಲ, ಬಡ್ಡೀಮಗಂದು."

ಹೇಳುವಾಗ ಅವನ ದನಿಯಲ್ಲಿ ಬೇಡ ಬೇಡವೆಂದರೂ ಹೆಮ್ಮೆ ನುಸುಳಿತು. ಶ್ವೇತಳಿಗೆ ಆ ಮನುಷ್ಯ ಇದ್ದಕ್ಕಿದ್ದಂತೆ ಇಷ್ಟವಾಗಿಬಿಟ್ಟ.

* * *

ಅವಳು ಹಿಂತಿರುಗುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಸಿದ್ದೇಶ ಓಡಿ ಬಂದ.

"ಮೇಡಂ, ಇಲ್ ಬನ್ನಿ. ಕಲ್ಲ ಮ್ಯಾಲೆ ಏನೋ ಎದ್ ಬತ್ತಾ ಐತೆ."

ಕೊನೆಯ ಬಳಿತಕ್ಕೆಂದು ಗೋಡೆಯ ಪಕ್ಕ ಒಂದು ಡ್ರಮ್ಮಿನಲ್ಲಿ ತಿಳಿಸುಣ್ಣ ಇಟ್ಟಿದ್ದರು. ಗೋಡೆ ಬಿದ್ದಾಗ ಡ್ರಮ್ಮು ಉರುಳಿ ಸುಣ್ಣ ಬಾಗಿಲ ಮುಂದೆಲ್ಲ ಹರಡಿತ್ತು. ಬೆಳಗ್ಗೆ ಕಲ್ಲುಗಳು ಮಳೆಯಲ್ಲಿ ನೆನೆದು ಕಪ್ಪಗಿದ್ದವು. ಏನೂ ಕಂಡಿರಲಿಲ್ಲ. ಈಗ ಬಿಸಿಲಿಗೆ ಒಣಗಿದ ಮೇಲೆ ಅವುಗಳ ಮೇಲೆ ಬೆಳ್ಳನೆಯ ಗುರುತುಗಳು ಮೂಡಿದ್ದವು. ಚಪ್ಪಲಿ ಕಾಲಿನ ಹೆಜ್ಜೆ. ಬಾಗಿಲಿನಿಂದ ಹೊರಟು, ರಾಶಿ ಹತ್ತಿ, ಇಳಿದು, ರಸ್ತೆಯ ಕಡೆಗೆ.

"ತಿಳಿಸುಣ್ಣ ಅಂಗೇ ಕಣಮ್ಮ," ಎಂದ ಮರಿಸಿದ್ದಯ್ಯ. "ಅಸಿ ಇದ್ದಾಗ ನೀರು. ಒಣಗಿದ್ ಮ್ಯಾಲೆ ಆಲು."

ಶ್ವೇತಳಿಗೆ ಅರ್ಥವಾಯಿತು. ಬಂದವನು ಬಾಗಿಲಿನಿಂದ ಒಳಗೆ ಹೋಗಿದ್ದಾನೆ. ಒಳಗಿನಿಂದ ಜಾಕು ಕೊಟ್ಟಿದ್ದಾನೆ. ಗೋಡೆ ಬಾಗಿಲ ಮುಂದೆಯೇ ಬಿದ್ದಿದೆ. ಕಿಟಕಿಗಳಿಗೆ ಸರಳಿವೆ, ಹೊರಗೆ ಬರಬೇಕಾದರೆ ರಾಶಿ ದಾಟಿಯೇ ಬರಬೇಕು. ಸುಣ್ಣ ತುಳಿದಿದ್ದಾನೆ, ಮಳೆ ನೀರೆಂದುಕೊಂಡಿದ್ದಾನೆ.

ಚಪ್ಪಲಿಯ ಅಚ್ಚು ಸ್ಪಷ್ಟವಿರಲಿಲ್ಲ. ಎಡಗಾಲು, ಬಲಗಾಲು, ಎಡಗಾಲು. ಅವಳು ಒಂದೊಂದನ್ನೇ ಹಿಂಬಾಲಿಸಿದಳು. ಸಣ್ಣ ಹೆಜ್ಜೆಗಳು. ಜಾಕಿನ ಭಾರ ಹೊತ್ತವನು ಮೊಬೈಲ್ ಬೆಳಕಿನಲ್ಲಿ ಎಚ್ಚರದಿಂದ ಇಳಿದಿರಬೇಕು. ಸಿಕ್ಕ ಕಲ್ಲಿನ ಮೇಲೆಲ್ಲ ಕಾಲಿಟ್ಟಿದ್ದಾನೆ. ಒರಳು ತುಳಿದಿದ್ದಾನೆ, ಚಪ್ಪಡಿ ತುಳಿದಿದ್ದಾನೆ.

ಒಂದು ಕಡೆ ಅವಳು ನಿಂತಳು.

ದಾರಿಗೆ ಅಡ್ಡಲಾಗಿ ಒಂದು ಉದ್ದನೆಯ ಕಲ್ಲು ಬಿದ್ದಿತ್ತು. ಕಾಲಿಡಲು ಅಷ್ಟು ಸಮವಾದ ಕಲ್ಲು ಆ ರಾಶಿಯಲ್ಲೇ ಬೇರೆ ಇರಲಿಲ್ಲ. ಅದರ ಮೇಲೆ ಮಾತ್ರ ಹೆಜ್ಜೆಯಿಲ್ಲ. ಈಚೆಗೆ ಎಡಗಾಲು. ಆಚೆಗೆ ಬಲಗಾಲು, ಹಿಮ್ಮಡಿ ಒತ್ತಿ ಬಿದ್ದಿದೆ. ನಡುವೆ ಒಂದು ದೊಡ್ಡ ದಾಪು.

"ಭಾರ ಹೊತ್ತವನು ಇಷ್ಟು ಚೆನ್ನಾದ ಕಲ್ಲು ಬಿಟ್ಟು ಯಾಕೆ ದಾಪುಗಾಲು ಹಾಕಿದ?" ಎಂದಳು ತನಗೆ ತಾನೇ.

ಕಲ್ಲಿನ ಮೈ ಒರಟು. ನಡುವೆ ಅಡ್ಡಲಾಗಿ ಒಂದು ಬಿಳಿ ಗೆರೆ ಅಂಚಿನವರೆಗೂ ಹೋಗಿತ್ತು. ನೋಡಿದವರಿಗೆ ಹತ್ತರಲ್ಲಿ ಹನ್ನೊಂದನೆಯ ಕಲ್ಲು.

"ತಿರುಗಿಸಿ," ಎಂದಳು.

ಮರಿಸಿದ್ದಯ್ಯ, ಸಿದ್ದೇಶ ಸೇರಿ ಹಾರೆ ಕೊಟ್ಟು ಮಗುಚಿದರು. ಅಡಿಮೈ ನುಣ್ಣಗೆ ಸವೆದಿತ್ತು, ಅದೇ ಬಿಳಿ ಗೆರೆ ಅಂಚು ಸುತ್ತಿ ಅಲ್ಲೂ ಹಾದಿತ್ತು. ಒಂದು ತುದಿಗೆ ಬಾಗಿಲು ತಿರುಗುವ ಕುಣಿ. ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಅರಿಸಿನ.

ಹೊಸ್ತಿಲು.

ಹುಟ್ಟಿದಾಗಿನಿಂದ ಕೇಳಿದ ಬೈಗುಳ ಶ್ವೇತಳ ಕಿವಿಯಲ್ಲಿ ಮೊಳಗಿತು. ಒಸ್ಲು ತುಳೀಬ್ಯಾಡ! ಈ ಸೀಮೆಯಲ್ಲಿ ನಡಿಗೆ ಕಲಿಯುವ ಮಗುವಿಗೂ ಮೊದಲ ಪಾಠ ಅದೇ.

"ಅಡ್ಡಗಲ್ಲಿಗೆ ಆಕಿದ್ದೊ," ಎಂದ ಮರಿಸಿದ್ದಯ್ಯ. "ಗ್ವಾಡೆಗೆ ಎಲ್ಡು ಮೈ ಇರ್ತದಲ್ಲ, ಅವೆಲ್ಡನ್ನೂ ಕಟ್ಟಾಕೋ ಉದ್ದಗಲ್ಲು. ಒಸ್ಲಿನಂಥ ಗಟ್ಟಿ ಕಲ್ಲು ಬ್ಯಾರೆ ಇಲ್ಲ."

"ಯಾರ ಮನೆಯದು?"

"ಮೂರು ಮನೆಯೋರು ಒಸ್ಲು ಕೊಟ್ಟವ್ರೆ. ಯಾವ್ದು ಯಾರ್ದು ಅಂತ ನಂಗೂ ತಿಳೀದು, ಅರುಂಧತಮ್ಮಂಗೂ ತಿಳೀದು. ಬಂದ್ ದಿನ ಕರ್ಪೂರ ಅಚ್ಚಿ, ಒಂದ್ ಬೊಗಸೆ ನೀರಾಕಿ, ಆ ಮನೆ ಋಣ ತೀರ್ತು, ಈ ಮನೆಗ್ ಬಾ ಅಂತ ಕರ್ದ್‌ಬುಡ್ತೀನಿ. ಅಲ್ಲಿಗೆ ಅದು ಒಸ್ಲಲ್ಲ, ಕಲ್ಲು. ತುಳಿದ್ರೂ ದೋಸ ಇಲ್ಲ. ನಮ್ಮಪ್ಪನೂ ಅಂಗೇ ಮಾಡ್ತಿದ್ದ."

"ಬಿದ್ದಾಗ ಸವೆದ ಮೈ ಅಡಿಗಿತ್ತು. ಒರಟು ಮೈ ಮೇಲಿತ್ತು. ಇದು ಹೊಸ್ತಿಲು ಅಂತ ಮೇಲಿನಿಂದ ನೋಡಿದರೆ ಗೊತ್ತಾಗುತ್ತಾ?"

"ನಂಗೇ ಗೊತ್ತಾಗ್ಲಿಲ್ವಲ್ಲ ಈಗ!"

ಶ್ವೇತ ಆ ಬಿಳಿ ಗೆರೆಯ ಮೇಲೆ ಬೆರಳಾಡಿಸಿದಳು. ಈ ಗೆರೆಯನ್ನು ದಿನಾ ನೋಡಿ ಬೆಳೆದವನಿಗೆ ಮಾತ್ರ ಗೊತ್ತಾಗುತ್ತದೆ.

"ಸಿದ್ದೇಶ, ಊರಲ್ಲಿ ಲಾರಿ ಜಾಕು ಇರೋ ಕಡೆ ಎಲ್ಲ ಹುಡುಕು. ತೊಳೆದಿಟ್ಟಿದ್ದರೂ ಪರವಾಗಿಲ್ಲ, ಬಿಸಿಲಿಗೆ ಇಡು. ಮರಿಸಿದ್ದಯ್ಯನವರೇ, ನನಗೊಂದು ದಾರಿ ಹಾಕಿಕೊಡಿ."

* * *

ಮಾರನೆಯ ಬೆಳಗ್ಗೆ ಇಂಜಿನಿಯರು ಬರುವ ಹೊತ್ತಿಗೆ ರಸ್ತೆಯಿಂದ ಬಾಗಿಲವರೆಗೆ ಕಲ್ಲಿನ ದಾರಿ ಸಿದ್ಧವಾಗಿತ್ತು. ಎರಡೂ ಕಡೆ ಸುಣ್ಣ ಬೆರೆತ ಕೆಸರು. ಬಿದ್ದ ಗೋಡೆಯ ಕಲ್ಲುಗಳನ್ನೇ ತೊಳೆದು ಸಾಲಾಗಿ ಹಾಸಿದ್ದರು. ಬಿಳಿ ಗೆರೆಯ ಕಲ್ಲೂ ನಡುವೆ ಎಲ್ಲೋ ಇತ್ತು, ಒರಟು ಮೈ ಮೇಲಾಗಿ. ಊರಿನವರು ಆಚೆ ದಡದಲ್ಲಿ ನಿಂತಿದ್ದರು.

"ಕೆಸರಿದೆ. ಕಲ್ಲಿನ ಮೇಲೆ ಒಬ್ಬೊಬ್ಬರಾಗಿ ಬನ್ನಿ," ಎಂದಳು ಶ್ವೇತ. ಅವಳು ಬಾಗಿಲಲ್ಲಿ ನಿಂತಿದ್ದಳು.

ಇಂಜಿನಿಯರು ಪ್ಯಾಂಟು ಎತ್ತಿ ಹಿಡಿದು ಬಂದರು. ಎಲ್ಲ ಕಲ್ಲೂ ತುಳಿದರು. ಕೆಂಪರಾಜು ದಪ್ಪ ಚಪ್ಪಲಿಯಲ್ಲಿ ಧಪ ಧಪ ಬಂದ. ಮರಿಸಿದ್ದಯ್ಯ ಬರಿಗಾಲಲ್ಲಿ ಬಂದ, ಬಿಳಿ ಗೆರೆಯ ಮೇಲೆ ಕಾಲಿಟ್ಟೇ ಬಂದ. ಹೊಸ್ತಿಲು ಕೊಟ್ಟ ಮೂರು ಮನೆಯ ಯಜಮಾನರಲ್ಲಿ ಇಬ್ಬರು ತುಳಿದೇ ಬಂದರು. ತಮ್ಮದಲ್ಲದ ಕಲ್ಲು, ಗುರುತಿಸಲಿಲ್ಲ.

ಶಶಿಧರ್ ಕೊನೆಗೆ ಬಂದ. ಕಿವಿಯಲ್ಲಿ ಫೋನಿತ್ತು. "ಆ, ಇಂಜಿನಿಯರ್ ಬಂದವ್ರೆ, ಆಮೇಲ್ ಮಾಡ್ತೀನಿ" ಎನ್ನುತ್ತಲೇ ನಡೆದ. ಒಂದು ಕಲ್ಲು. ಇನ್ನೊಂದು. ಮತ್ತೊಂದು.

ಬಿಳಿ ಗೆರೆಯ ಮುಂದೆ ಅವನ ಬಲಗಾಲು ಎತ್ತರಕ್ಕೆ ಎದ್ದಿತು. ದಾಟಿತು. ಎಡಗಾಲು ಹಿಂದೆಯೇ ಬಂತು. ಮಾತು ನಿಲ್ಲಲೂ ಇಲ್ಲ.

"ಶಶಿಧರ್ ಅವರೇ, ಅಲ್ಲೇ ನಿಲ್ಲಿ."

ಅವನು ನಿಂತ. ಫೋನ್ ಕೆಳಗಿಳಿಯಿತು.

"ಆ ಕಲ್ಲನ್ನು ಯಾಕೆ ದಾಟಿದಿರಿ?"

"ಯಾವ ಕಲ್ಲು?"

"ನಿಮ್ಮ ಹಿಂದಿನದು. ಎಲ್ಲರೂ ತುಳಿದರು. ನೀವು ದಾಟಿದಿರಿ."

ಅವನು ತಿರುಗಿ ನೋಡಿದ. ಮುಖದ ಬಣ್ಣ ಇಳಿಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ನಮಗೆಲ್ಲ ಗೊತ್ತು. ಇವನು ಯಾರೂ ಏನೂ ಅನ್ನುವ ಮೊದಲೇ ಕಾಲೆತ್ತಿದ್ದ.

"ಏನೋ ಕಾಲಿಗ್ ಸಿಕ್ತು, ದಾಟ್ದೆ. ಅದ್ಕೇನೀಗ?"

"ನಿಮಗೆ ಎಲ್ಲ ಕಲ್ಲೂ ಒಂದೇ ತರ ಕಾಣುತ್ತವೆ ಅಂದಿದ್ರಿ."

ಶ್ವೇತ ದಾರಿಯ ಮೇಲೆ ಇಳಿದು ಬಂದಳು. ಎಲ್ಲರಿಗೂ ಕೇಳುವಂತೆ ಹೇಳಿದಳು.

"ಗೋಡೆ ಮಳೆಗೆ ಬೀಳಲಿಲ್ಲ. ಬುಡದ ಕಲ್ಲು ಮೊದಲು ಆಚೆ ಹೋಗಿದೆ, ಅದರ ಒಳಮೈಯಲ್ಲಿ ಜಾಕಿನ ಗುರುತಿದೆ. ಇಂಜಿನಿಯರ್ ಸಾಹೇಬರು ನೋಡಬಹುದು. ಜಾಕು ಕೊಟ್ಟವನು ರಾಶಿ ಹತ್ತಿ ಹೊರಗೆ ಬಂದ, ಸುಣ್ಣ ತುಳಿದು ಬಂದ. ಒಣಗಿದ ಮೇಲೆ ಹೆಜ್ಜೆ ಎದ್ದವು, ಫೋಟೋ ತೆಗೆಸಿದ್ದೇನೆ. ಅವನು ಒಂದೇ ಒಂದು ಕಲ್ಲನ್ನು ತುಳಿದಿಲ್ಲ. ಅದು ಹೊಸ್ತಿಲು. ಆದರೆ ಮಕಾಡೆ ಬಿದ್ದಿತ್ತು, ಹೊಸ್ತಿಲು ಅಂತ ಕಟ್ಟಿದ ಮೇಸ್ತ್ರಿಗೂ ಗೊತ್ತಾಗಲಿಲ್ಲ. ಗೊತ್ತಾಗೋದು ಯಾರಿಗೆ? ಆ ಗೆರೆ ನೋಡುತ್ತ ಬೆಳೆದವನಿಗೆ. ಊರಿನ ಗೋಡೆ ಕೆಡವೋಕೆ ಅವನ ಕೈ ಹಿಂಜರಿಯಲಿಲ್ಲ. ಮನೆಯ ಹೊಸ್ತಿಲು ತುಳಿಯೋಕೆ ಕಾಲು ಒಪ್ಪಲಿಲ್ಲ."

"ಇದೊಂದು ಸಾಕ್ಷೀನಾ?" ಶಶಿಧರನ ದನಿ ಒಡೆಯಿತು.

"ಇದೊಂದೇ ಅಲ್ಲ."

ಸಿದ್ದೇಶ ಜಾಕು ತಂದು ಮುಂದಿಟ್ಟ. ಬ್ಲಾಕು ಫ್ಯಾಕ್ಟರಿಯ ಲಾರಿಯಲ್ಲಿ ಸಿಕ್ಕದ್ದು. "ತೊಳ್ದು ಮಡ್ಗಿದ್ರು ಮೇಡಂ. ಫಳಫಳ ಅಂತಿತ್ತು. ನೀವೇಳ್ದಂಗೆ ಬಿಸ್ಲಿಗಿಟ್ಟೆ." ಜಾಕಿನ ಸಂದಿಗೊಂದಿಯಲ್ಲೆಲ್ಲ ಸುಣ್ಣ ಬೆಳ್ಳಗೆ ಎದ್ದಿತ್ತು. ಅದರ ತಲೆಯನ್ನು ಬುಡದ ಕಲ್ಲಿನ ಗುರುತಿಗೆ ಇಟ್ಟರೆ ಅಳತೆ ತಪ್ಪಲಿಲ್ಲ.

"ಈ ಗೋಡೆ ನಿಂತರೆ ಸುತ್ತಮುತ್ತಲ ಊರಲ್ಲೆಲ್ಲ ಹಳೇ ಕಲ್ಲಿನ ಓದುಮನೆ," ಎಂದಳು ಶ್ವೇತ. "ಬಿದ್ದರೆ ಎಲ್ಲ ಕಡೆಗೂ ಸಿಮೆಂಟ್ ಬ್ಲಾಕು. ಕೆಂಪರಾಜು ಎದುರು ನಿಂತು ಬೈದರು. ನೀವು ಪಕ್ಕ ನಿಂತು ಹೊಗಳಿದಿರಿ. ಅರುಂಧತಿ ಮೇಲೆ ಕೇಸು ಬೇಡ ಅಂತ ಕನಿಕರ ತೋರಿಸಿದಿರಿ. ಕೇಸಿಲ್ಲದಿದ್ದರೆ ತಪ್ಪು ಮಳೆಯದು, ಕಲ್ಲಿನದು, ಅವರದು. ಅಷ್ಟೇ ನಿಮಗೆ ಬೇಕಿತ್ತು."

ಜನರ ನಡುವೆ ದಾರಿ ಬಿಡಿಸಿಕೊಂಡು ಒಬ್ಬ ಮುದುಕಿ ಬಂದಳು. ಚಿಕ್ಕಬೋರಮ್ಮ, ಶಶಿಧರನ ತಾಯಿ. ಕೆಸರಿನಲ್ಲೇ ಕಾಲಿಟ್ಟು ಬಂದಳು. ಕಲ್ಲಿನ ಪಕ್ಕ ಕೂತು, ಅಡಿಗೆ ಕೈ ತೂರಿಸಿ, ಆ ಬಾಗಿಲ ಕುಣಿಯನ್ನು ತಡವಿದಳು.

"ನಮ್ದೇ," ಎಂದಳು. ಆಮೇಲೆ ಮಗನ ಕಡೆ ತಲೆ ಎತ್ತಿದಳು. "ನಿಜವೇನ್ಲಾ ಸಸೀ?"

ಶಶಿಧರನ ಬಿಳಿ ಅಂಗಿ ಬೆವರಿನಲ್ಲಿ ಮೈಗೆ ಅಂಟಿತ್ತು.

"ಒಂದು ಗ್ವಾಡೆ ತಾನೆ ಅಂದ್ಕಂಡೆ ಕಣವ್ವಾ," ಎಂದ ಕೊನೆಗೆ. "ಯಾರ್ಗೂ ಏಟಾಗಲ್ಲ ಅಂದ್ಕಂಡೆ."

"ತುಳೀಬ್ಯಾಡ ಅಂತ ನಮ್ಮತ್ತೆ ನಂಗೇಳಿದ್ಲು," ಎಂದಳು ಚಿಕ್ಕಬೋರಮ್ಮ. "ನಾನು ನಿಂಗೇಳ್ದೆ. ಅದೊಂದು ಚೆಂದಾಗ್ ಕಲ್ತೆ ನೀನು. ಊರೋರ ಗ್ವಾಡೆ ಕೆಡವ್ಬ್ಯಾಡ ಅಂತ ಏಳ್ಕೊಡೋದ ಮರ್ತೆ ನೋಡು. ಅದ್ನೂ ಏಳ್ಕೊಡ್ಬೇಕು ಅಂತ ನಂಗೆಲ್ ಗೊತ್ತಿತ್ತು?"

ಸಿದ್ದೇಶ ಅವನ ತೋಳು ಹಿಡಿದ. ಶಶಿಧರ್ ಜೀಪಿಗೆ ನಡೆದ. ಹೋಗುವಾಗಲೂ ಆ ಕಲ್ಲನ್ನು ತುಳಿಯಲಿಲ್ಲ, ಕೆಸರಿಗೆ ಇಳಿದು ಸುತ್ತಿಕೊಂಡು ಹೋದ.

ಇಂಜಿನಿಯರು ಉಳಿದ ಮೂರು ಗೋಡೆಗಳ ಸುತ್ತ ಬಂದರು. ತಟ್ಟಿ ನೋಡಿದರು, ಗಾರೆ ಕೆರೆದು ನೋಡಿದರು. "ಇದನ್ನ ಯಾಕ್ರೀ ಇಳಿಸಬೇಕು?" ಎಂದರು. "ಜಾಕು ಕೊಟ್ಟರೂ ಪಕ್ಕದ ಗೋಡೆಯಲ್ಲಿ ಒಂದು ಬಿರುಕಿಲ್ಲ. ಕಟ್ಟಿದವರು ಯಾರು?"

ಮರಿಸಿದ್ದಯ್ಯ ತಲೆಯ ಮೇಲಿನ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ. ಊರೆಲ್ಲ ಅವನ ಕಡೆಗೆ, ಅರುಂಧತಿಯ ಕಡೆಗೆ ಕೈ ತೋರಿಸಿತು.

* * *

ಗೋಡೆಯನ್ನು ಮತ್ತೆ ಎಬ್ಬಿಸುವಾಗ ಊರೇ ಕಲ್ಲು ಹೊತ್ತಿತು. ಬಿಳಿ ಗೆರೆಯ ಕಲ್ಲಿನ ಹತ್ತಿರ ಬಂದಾಗ ಕೆಲಸ ನಿಂತಿತು. ಆ ಮನೆಯ ಕಲ್ಲು ಬೇಡ ಎಂದರು ಕೆಲವರು.

ಅರುಂಧತಿ ನೆಟ್ಟಗೆ ಚಿಕ್ಕಬೋರಮ್ಮನ ಮನೆಗೆ ಹೋದಳು. ಶ್ವೇತ ಆ ದಿನ ಹೇಳಿಕೆಗೆ ಹೆಬ್ಬೆಟ್ಟು ಹಾಕಿಸಿಕೊಳ್ಳಲು ಅಲ್ಲಿಗೇ ಬಂದಿದ್ದಳು.

"ಅಜ್ಜಿ, ನಿಮ್ಮ ಹೊಸ್ತಿಲು ಏನು ಮಾಡಲಿ? ವಾಪಸು ತಂದುಕೊಡಲಾ?"

ಚಿಕ್ಕಬೋರಮ್ಮ ಮಗ ಕಟ್ಟಿಸಿದ ಮನೆಯ ಟೈಲ್ಸ್ ಜಗಲಿ ಮೇಲೆ ಕೂತಿದ್ದಳು. ಮುಖ ಬತ್ತಿತ್ತು. ಮಾತು ಮಾತ್ರ ಗಟ್ಟಿಯಾಗಿತ್ತು.

"ನನ್ ಮಗ ಸುಳ್ಳೇಳ್ದ. ನಮ್ ಕಲ್ಲು ಸುಳ್ಳೇಳ್ಲಿಲ್ಲ. ಅದ್ಯಾಕವ್ವ ತಲೆ ತಗ್ಗಿಸ್ಬೇಕು?" ಎಂದಳು. "ಗ್ವಾಡೆ ಒಳೀಕ್ ಬ್ಯಾಡ. ಬಾಗ್ಲಿಗೇ ಆಕು. ಎಲ್ಲಾರೂ ದಾಟ್ಕಂಡೇ ಒಳೀಕ್ ಓಗ್ಲಿ. ಇನ್ನೊಬ್ಬ ಅಂಥೋನು ಬಂದ್ರೆ ಅದೇ ಇಡ್ಕೊಡ್ತದೆ."

ಹಾಗೇ ಆಯಿತು. ಭಾನುವಾರದ ಬದಲು ಎರಡು ತಿಂಗಳು ತಡವಾಗಿ ಓದುಮನೆಯ ಬಾಗಿಲು ತೆರೆಯಿತು. ಕೆಂಪರಾಜು ಅರ್ಧ ಮೀಸೆ ಬೋಳಿಸಲಿಲ್ಲ, ಅದನ್ನು ಯಾರೂ ನೆನಪಿಸಲೂ ಇಲ್ಲ. ಅವನ ತಾತನ ಬೀಸುವ ಕಲ್ಲು ಹೊಸ ಗೋಡೆಯ ಗುಂಡುಕಿಟಕಿಯಲ್ಲಿ ಕೂತಿತ್ತು. ಬಂದವರಿಗೆಲ್ಲ ಕೈಹಿಡಿದು ತೋರಿಸುತ್ತಿದ್ದ. ಆತಗೂರಿನ ಕಡೆಯಿಂದ, ಕೊಕ್ಕರೆ ಬೆಳ್ಳೂರಿನ ಕಡೆಯಿಂದ ಜನ ಬಂದು ಗೋಡೆ ಮುಟ್ಟಿ ನೋಡಿದರು. ನಮ್ಮೂರಲ್ಲೂ ಕಲ್ಲಿದೆ ಬನ್ನಿ ಎಂದು ಅರುಂಧತಿಯನ್ನು ಕರೆದರು. ಮರಿಸಿದ್ದಯ್ಯನಿಗೆ ಶಾಲು ಹೊದಿಸಿದರು. ಅವನು ಅದನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಊಟಕ್ಕೆ ಕೂತ.

ಮೊದಲು ಒಳಗೆ ಹೋಗುವವರು ಯಾರು ಎಂದು ಮಾತು ಬಂದಾಗ ಅರುಂಧತಿ ಚಿಕ್ಕಬೋರಮ್ಮನ ಕೈ ಹಿಡಿದು ಕರೆತಂದಳು. ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಮುದುಕಿ ಬಗ್ಗಿ ಹೊಸ್ತಿಲಿಗೆ ಅರಿಸಿನ ಹಚ್ಚಿದಳು. ಓದು ಬಾರದವಳು. ಬಲಗಾಲೆತ್ತಿ ದಾಟಿ, ಪುಸ್ತಕಗಳ ನಡುವೆ ಹೋಗಿ, ಬೆನ್ನು ನೆಟ್ಟಗೆ ಮಾಡಿ ನಿಂತಳು.

"ಬನ್ನಿ," ಎಂದಳು ತನ್ನ ಮನೆಗೆ ಕರೆಯುವ ಹಾಗೆ. "ಯಾಕ್ ನಿಂತ್ಕಂಡ್ರಿ? ಬನ್ನಿ ಒಳೀಕೆ."

ಶ್ವೇತ ಬೂಟು ಕಳಚಿಟ್ಟಳು. ಬಲಗಾಲೆತ್ತಿ ದಾಟಿದಳು.